ಎಡಗಾಲೋ ಬಲಗಾಲೋ

ಮಾರ್ಚ್ ೩, ಭಾನುವಾರ

ಸೈಕಲ್ ಕೊಂಡೆ. ಬೆಟ್ಟ ಹತ್ತುವ ಸೈಕಲ್. ದಪ್ಪ ಟೈರು, ಮುಂದೆ ಸ್ಪ್ರಿಂಗು. ಐವತ್ತಾರನೇ ವಯಸ್ಸಿನಲ್ಲಿ ಇದೇನು ದರ್ದು ನಿಮಗೆ ಎಂದು ಹೆಂಡತಿ ಕೇಳಿದಳು. ಸಕ್ಕರೆ ಕಾಯಿಲೆಯ ಡಾಕ್ಟರು ಮೈ ಬೆವರಬೇಕು ಅಂದಿದ್ದಾರೆ ಎಂದೆ.

"ಅವರು ನಡೀರಿ ಅಂದಿದ್ದು. ಪಕ್ಕದ ಕುರ್ಚೀಲಿ ನಾನೂ ಇದ್ದೆ ಕಣ್ರೀ."

ಈ ಮನೆಯಲ್ಲಿ ಒಂದು ಸುಳ್ಳು ಹೇಳಿ ದಕ್ಕಿಸಿಕೊಳ್ಳುವ ಹಾಗಿಲ್ಲ. ಅದಕ್ಕೇ ಕಚೇರಿಯಿಂದ ಹಳೆಯ ಹಾಜರಿ ಪುಸ್ತಕವೊಂದನ್ನು ತಂದು ಅದರ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಅಡ್ಡಪ್ರಶ್ನೆ ಕೇಳುವವರಿಲ್ಲ.

ಮಗಳು ವರಾಂಡದಲ್ಲಿ ತನ್ನ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದಳು. ನನ್ನ ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿದಳು. ನನ್ನನ್ನು ನೋಡಲಿಲ್ಲ. ಅವಳು ನನ್ನ ಜೊತೆ ಮಾತು ಬಿಟ್ಟು ಎಂಟು ತಿಂಗಳಾಯಿತು. ಕಳೆದ ಜುಲೈನಲ್ಲಿ ಸ್ಕೂಟರ್ ಲೈಸೆನ್ಸಿನ ಪರೀಕ್ಷೆಯಲ್ಲಿ ಅವಳು ಫೇಲ್. ಫೇಲ್ ಮಾಡಿದ ಪರೀಕ್ಷಕ ನಾನೇ. ಮಗಳದ್ದನ್ನು ಕಾರಿನ ಪರೀಕ್ಷಕರಿಗೆ ಬಿಟ್ಟುಬಿಡಿ ಎಂದು ಮೇಲಧಿಕಾರಿ ಹೇಳಿದ್ದರು. ಬೇಡ ಸಾರ್, ಇಪ್ಪತ್ತಾರು ವರ್ಷದಲ್ಲಿ ನನ್ನ ಕಡೆ ಯಾರೂ ಬೆರಳು ತೋರಿಸಿಲ್ಲ, ನಾನೇ ಮಾಡ್ತೀನಿ ಎಂದೆ. ಸುಣ್ಣದ ಪುಡಿಯಲ್ಲಿ ಎಳೆದ ಎಂಟರ ಮೇಲೆ ಗಾಡಿ ಸುತ್ತಬೇಕು, ಕಾಲು ನೆಲಕ್ಕೆ ತಾಗಬಾರದು. ಎರಡನೇ ತಿರುವಿನಲ್ಲಿ ಅವಳ ಎಡಗಾಲಿನ ಹೆಬ್ಬೆರಳು ತಾಗಿತು. ಕಣ್ಣಾರೆ ಕಂಡೆ. ತಾಗಿಲ್ಲ ಅಂದಳು. ತಾಗಿದೆ ಅಂದೆ. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಅವಳು ಫಿಸಿಯೋಥೆರಪಿಸ್ಟ್. ಮನೆಮನೆಗೆ ಹೋಗಿ ಮುದುಕರ ಮಂಡಿ ಸರಿಮಾಡುವ ಒಳ್ಳೆಯ ಕೆಲಸವೊಂದು ಸಿಕ್ಕಿತ್ತು. ಲೈಸೆನ್ಸ್ ಇಲ್ಲವೆಂದು ಅದು ಕೈತಪ್ಪಿತು. ಮರುವಾರವೇ ಈ ಸೈಕಲ್ ತಂದಳು. ತಂದು, ನನಗೆ ಕೇಳಿಸುವ ಹಾಗೆ ಅವರಮ್ಮನಿಗೆ ಹೇಳಿದಳು: "ಇದಕ್ಕೆ ಯಾರ ಸಹೀನೂ ಬೇಡಮ್ಮ."

ನನಗೇನೂ ಬೇಜಾರಿಲ್ಲ. ನಾನು ಸೈಕಲ್ ಕೊಂಡದ್ದು ಸಕ್ಕರೆ ಕಾಯಿಲೆಗೆ.

ಮಾರ್ಚ್ ೫, ಮಂಗಳವಾರ

ಇಪ್ಪತ್ತೆರಡು ಜನರಲ್ಲಿ ಹದಿನೇಳು ಫೇಲ್. ಒಳ್ಳೆಯ ದಿನ. ಕಚೇರಿಯಲ್ಲಿ ನನಗೆ ಫೇಲಪ್ಪ ಎಂದು ಹೆಸರಿಟ್ಟಿದ್ದಾರೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ, ಪಾಪ.

ಸಂಜೆ ಸೈಕಲ್ ಅಂಗಡಿಗೆ ಹೋಗಿ ಕ್ಲಿಪ್‌ಲೆಸ್ ಪೆಡಲ್ ಹಾಕಿಸಿದೆ. ಹೆಸರಿನಲ್ಲಿ ಕ್ಲಿಪ್ ಇಲ್ಲ, ಮಾಡುವ ಕೆಲಸವೆಲ್ಲ ಕ್ಲಿಪ್ಪಿನದೇ. ಬೂಟಿನ ಅಡಿಯಲ್ಲಿ ಒಂದು ಲೋಹದ ಬಿಲ್ಲೆ ಇರುತ್ತದೆ. ಪೆಡಲ್ಲಿನ ಮೇಲೆ ಒತ್ತಿದರೆ ಟಕ್ ಎಂದು ಕಚ್ಚಿಕೊಳ್ಳುತ್ತದೆ. ಬಿಡಿಸಿಕೊಳ್ಳಬೇಕಾದರೆ ಹಿಮ್ಮಡಿಯನ್ನು ಹೊರಗಡೆಗೆ ತಿರುಚಬೇಕು. ಮಗಳದ್ದೂ ಇಂಥವೇ ಬೂಟು. ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಅವು ಮಾಡುವ ಟಕ್ ಟಕ್ ಸದ್ದೊಂದೇ ಈಗ ಅವಳ ಕಡೆಯಿಂದ ನನ್ನ ಕಿವಿಗೆ ಬೀಳುವುದು.

"ಹೊಸಬರಿಗೆ ಇದು ಬೇಡ ಸಾರ್. ಬೇಕೇ ಬೇಕು ಅಂದ್ರೆ ಈ ಸ್ಕ್ರೂ ಸಡಿಲ ಬಿಡ್ತೀನಿ, ಕಾಲು ಸಲೀಸಾಗಿ ಬರುತ್ತೆ" ಎಂದ ಅಂಗಡಿಯವನು.

"ಗಾಡಿ ನಿಲ್ಲಿಸೋದನ್ನ ನನಗೆ ಹೇಳಿಕೊಡ್ತೀಯೇನಪ್ಪಾ? ಗಟ್ಟಿ ಮಾಡು" ಎಂದೆ.

"ಆಯ್ತು ಸಾರ್" ಎಂದು ಬಿಗಿದ. ಬಿಗಿಯುತ್ತಲೇ, "ನನ್ನನ್ನ ಮೂರು ಸಲ ಫೇಲ್ ಮಾಡಿದ್ರಿ, ನೆನಪಿದ್ಯಾ ಸಾರ್?" ಎಂದು ಕೇಳಿ, ಇನ್ನೊಂದು ಸುತ್ತು ಬಿಗಿದ.

ಮಾರ್ಚ್ ೬, ಬುಧವಾರ

ಬಿದ್ದೆ.

ಮಾರ್ಚ್ ೭, ಗುರುವಾರ

ನಿನ್ನೆಯದನ್ನು ಬರೆಯುವಷ್ಟು ತಾಳ್ಮೆ ಈಗ ಬಂದಿದೆ. ನಮ್ಮ ಗೇಟಿನ ಮುಂದೆ ಬ್ರೇಕ್ ಹಿಡಿದೆ. ಸೈಕಲ್ ನಿಂತಿತು. ಕಾಲು ಎಳೆದೆ, ಬರಲಿಲ್ಲ. ಮೇಲಕ್ಕೆ ಎಳೆದೆ, ಹಿಂದಕ್ಕೆ ಎಳೆದೆ. ನನಗೆ ಹಿಮ್ಮಡಿ ಅನ್ನುವುದೊಂದು ಇದೆ ಎನ್ನುವುದೇ ಮರೆತುಹೋಗಿತ್ತು. ಯಾವ ಅವಸರವೂ ಇಲ್ಲದೆ, ಹಳೇ ಬೇಲಿ ವಾಲಿದ ಹಾಗೆ ವಾಲಿ, ಸೈಕಲ್ ಸಮೇತ ನೆಲ ಕಂಡೆ.

ಎದುರುಮನೆಯ ಟೈಲರ್ ಕತ್ತರಿ ಹಿಡಿದುಕೊಂಡೇ ಓಡಿಬಂದ. ಕಾಲನ್ನೇ ಕತ್ತರಿಸಿ ಬಿಡಿಸುತ್ತಾನೇನೋ ಎಂದುಕೊಂಡೆ.

"ಗಾಡಿ ನಿಂತಿತ್ತಲ್ಲ ಸಾರ್! ನಿಂತಿರೋ ಗಾಡಿಯಿಂದ ಹೇಗೆ ಬಿದ್ರಿ?"

ಉತ್ತರವಿಲ್ಲದ ಪ್ರಶ್ನೆ ಕೇಳುವುದು ನನ್ನ ಕೆಲಸ, ಅವನದ್ದಲ್ಲ. ಮೊಣಕೈ ತರಚಿದೆ, ಸೊಂಟ ಹಿಡಿದುಕೊಂಡಿದೆ. ಆದರೆ ಕೊನೆಯವರೆಗೂ ನನ್ನ ಕಾಲು ನೆಲಕ್ಕೆ ತಾಗಲಿಲ್ಲ ಎನ್ನುವುದನ್ನು ಇಲ್ಲಿ ದಾಖಲಿಸುತ್ತೇನೆ.

ಮಾರ್ಚ್ ೧೦, ಭಾನುವಾರ

ನೀರಿನ ಟ್ಯಾಂಕಿನ ಹಿಂದಿನ ಬೆಟ್ಟಕ್ಕೆ ಹೋದೆ. ಮಗಳು ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ಅಲ್ಲಿರುತ್ತಾಳೆ. ನಾನೂ ಏಳಕ್ಕೇ ಹೋದೆ. ಬೆಟ್ಟವೇನು ಯಾರಪ್ಪನ ಆಸ್ತಿಯಾ?

ಕೆಳಗಿನ ಕಬ್ಬಿಣದ ಗೇಟಿನ ಹತ್ತಿರ ಎಂಟು ಹತ್ತು ಸವಾರರು ನಿಂತಿದ್ದರು. ಅವರ ಮುಂದೆ ಠೀವಿಯಿಂದ ನಿಲ್ಲಿಸಲು ಹೋಗಿ ಎಡಕ್ಕೆ ಬಿದ್ದೆ. ಎತ್ತಿ ಕೂರಿಸಿದರು. ಬಲಕ್ಕೆ ಬಿದ್ದೆ. ಯಾವನೋ ಚಪ್ಪಾಳೆ ತಟ್ಟಿದ. ಇನ್ನೊಬ್ಬ, "ಅಂಕಲ್, ಮೊದಲು ಮಾಮೂಲಿ ಪೆಡಲ್‌ನಲ್ಲಿ ಕಲೀರಿ" ಎಂದು ಉಪದೇಶ ಮಾಡಿದ. ನಿನ್ನ ಮುಖ ನೆನಪಿಟ್ಟುಕೊಂಡಿದ್ದೇನೆ ಮಗನೇ, ಲೈಸೆನ್ಸಿಗೆ ನನ್ನ ಮೈದಾನಕ್ಕೇ ಬರಬೇಕು ನೀನು.

ಮಗಳು ನೀರು ಕುಡಿದಳು, ಬಾಟಲಿ ಸಿಕ್ಕಿಸಿದಳು, ಬೆಟ್ಟ ಹತ್ತಿ ಹೊರಟುಹೋದಳು. ಇವರು ನಮ್ಮಪ್ಪ ಎಂದು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮಾನ ಹೋಗುತ್ತಿತ್ತು. ಹೇಳದೆ ಹೋದದ್ದು ಅದಕ್ಕಿಂತ ಸಂಕಟವಾಯಿತು.

ಮಾರ್ಚ್ ೧೪, ಗುರುವಾರ

ಇಪ್ಪತ್ತರಲ್ಲಿ ಹನ್ನೆರಡು ಫೇಲ್. ಸ್ವಲ್ಪ ಕಡಿಮೆಯೇ. ಗೆರೆ ಮಾಸಿತ್ತು, ಅದಕ್ಕೆ. ಮೈದಾನದಲ್ಲಿ ಸುಣ್ಣದ ಎಂಟು ಎಳೆಯುವ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಗೆರೆಯಣ್ಣ ಎನ್ನುತ್ತಾರೆ. ಅವರಿಗೆ ಗದರಿದೆ.

"ಈಗ್ತಾನೆ ಎಳೆದಿದ್ದೀನಲ್ಲ ಸಾರ್! ಕೈ ನೋಡಿ, ಇನ್ನೂ ಬೆಳ್ಳಗಿದೆ" ಎಂದರು.

ಬೇಕರಿಯ ಹೆಂಗಸೊಬ್ಬಳು ನಾಲ್ಕನೇ ಸಲ ಬಂದಿದ್ದಳು. ತಿರುವಿನಲ್ಲಿ ಕಾಲು ಊರಿದಳು. ಊರಿದವಳೇ, ನಾನು ಬಾಯಿ ತೆರೆಯುವ ಮೊದಲೇ, "ಊರದೇ ಇದ್ರೆ ಬೀಳ್ತೀನಲ್ಲ ಸಾರ್. ಬೀಳೋದು ಒಳ್ಳೇದಾ?" ಎಂದು ಕೇಳಿದಳು. ಆಹಾ, ನನಗೇ ಪಾಠ! ನನ್ನ ಸ್ವಂತ ಮಗಳ ಬಲಗಾಲು ತಾಗಿದಾಗಲೇ ಬಿಡದವನು ನಾನು, ಇನ್ನು ಇವಳು ಯಾವ ಲೆಕ್ಕ ಎಂದುಕೊಂಡೆ. ಅಷ್ಟರಲ್ಲಿ ತರಚಿದ ಮೊಣಕೈಗೆ ಅಂಗಿಯ ತೋಳು ಉಜ್ಜಿ ಜೀವ ಹೋಯಿತು. "ಇನ್ನೊಂದ್ಸಲ ಸುತ್ತಮ್ಮ" ಎಂದುಬಿಟ್ಟೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಮೊದಲ ಸಲದ್ದು ಸರಿಯಾಗಿ ಕಂಡಿರಲಿಲ್ಲ, ಹಾಗಾಗಿ. ಎರಡನೇ ಸಲ ಪಾಸ್.

ಮಾರ್ಚ್ ೨೦, ಬುಧವಾರ

ಈ ವಾರ ಐದು ಸಲ ಬಿದ್ದೆ. ಮಂಡಿ ಊದಿ ಕುಂಬಳಕಾಯಿಯಾಗಿದೆ. ಊರವರ ಮಂಡಿಗೆಲ್ಲ ನನ್ನ ಮಗಳು ಬೇಕು. ಅಪ್ಪನ ಮಂಡಿ ಮಾತ್ರ ಅನಾಥ.

ಹೆಂಡತಿ ಬಟ್ಟೆಯಲ್ಲಿ ಐಸ್ ಸುತ್ತಿ ತಂದಳು. "ಹತ್ತು ನಿಮಿಷ ಇಡ್ಬೇಕಂತೆ. ಆಮೇಲೆ ದಿಂಬಿನ ಮೇಲೆ ಕಾಲು ಎತ್ತಿ ಇಡ್ಬೇಕಂತೆ. ಎರಡು ದಿನ ಸೈಕಲ್ ಮುಟ್ಟಬಾರದಂತೆ."

ಯಾರು ಹೇಳಿದ್ದು ಎಂದು ಕೇಳಲಿಲ್ಲ. ಎಲ್ಲೋ ಪತ್ರಿಕೆಯಲ್ಲಿ ಓದಿರಬೇಕು.

ಮಾರ್ಚ್ ೨೨, ಶುಕ್ರವಾರ

ಗೆದ್ದೆ! ಬೆಳಿಗ್ಗೆ ಗೇಟಿನ ಮುಂದೆ ಹಿಮ್ಮಡಿ ತಿರುಗಿಸಿದೆ, ಬೆಣ್ಣೆಯಿಂದ ಕೂದಲು ಬಂದ ಹಾಗೆ ಕಾಲು ಹೊರಬಂತು. ಹತ್ತು ಸಲ ಹಾಕಿ ತೆಗೆದೆ. ಹತ್ತು ಸಲವೂ ಬಂತು. ಎರಡು ದಿನ ಸೈಕಲ್ಲನ್ನು ಮುಟ್ಟದೆಯೇ ಕಲಿತುಬಿಟ್ಟಿದ್ದೇನೆ. ಅನುಭವ ಅಂದರೆ ಇದು. ಟೈಲರ್‌ನನ್ನು ಕರೆದು ತೋರಿಸಿದೆ.

ವರಾಂಡದಲ್ಲಿ ನನ್ನ ಸೈಕಲ್ ಪಕ್ಕ ಸ್ಕ್ರೂ ತಿರುಗಿಸುವ ಮಗಳ ಪುಟ್ಟ ಅಲೆನ್ ಕೀ ಬಿದ್ದಿತ್ತು. ಸಾಮಾನನ್ನು ಎಲ್ಲೆಂದರಲ್ಲಿ ಬಿಸಾಡುತ್ತಾಳೆ. ಎತ್ತಿ ಅವಳ ಶೆಲ್ಫಿನಲ್ಲಿಟ್ಟೆ.

ಹದಿನೆಂಟರಲ್ಲಿ ಎಂಟು ಫೇಲ್. ಗಾಳಿ ಜೋರಾಗಿತ್ತು, ಪಾಪ, ಅವರಾದರೂ ಏನು ಮಾಡುತ್ತಾರೆ.

ಮಾರ್ಚ್ ೨೪, ಭಾನುವಾರ

ಬೆಟ್ಟದ ಮೂರನೇ ತಿರುವಿನವರೆಗೆ ಹತ್ತಿದೆ. ಅಲ್ಲಿ ಕಲ್ಲುಗಳು, ಕಡಿದಾದ ಏರು. ಸೈಕಲ್ ನಿಂತುಹೋಯಿತು. ಎದೆ ಬಡಿತ ಕಿವಿಯಲ್ಲಿ ಕೇಳುತ್ತಿತ್ತು. ಕಲಿತದ್ದೆಲ್ಲ ಆವಿಯಾಗಿ, ಮತ್ತೆ ಕಾಲು ಮೇಲಕ್ಕೆ ಎಳೆದೆ. ಪೊದೆಯೊಳಗೆ ಬಿದ್ದೆ, ಮೇಲೆ ಸೈಕಲ್, ಎರಡು ಕಾಲೂ ಪೆಡಲ್ಲಿನಲ್ಲೇ.

ಟಕ್ ಟಕ್ ಎಂದು ಬೂಟು ಹತ್ತಿರ ಬಂತು. ಕಣ್ಣು ಮುಚ್ಚಿಕೊಂಡೇ ಗುರುತು ಹಿಡಿದೆ. ಅವಳು ಬಗ್ಗಿ ನನ್ನ ಪಾದ ಹಿಡಿದಳು.

"ಹಿಮ್ಮಡಿ ಹೊರಗೆ" ಎಂದಳು. ಕಾಲು ಬಿಡಿಸಿದಳು. ಇನ್ನೊಂದು ಕಾಲು ಹಿಡಿದು, "ಎಳೀಬೇಡಿ. ತಿರುಗಿಸಿ" ಎಂದಳು. ಮಂಡಿಯನ್ನು ಎರಡು ಬೆರಳಿನಿಂದ ಒತ್ತಿ ನೋಡಿದಳು, ಎದ್ದಳು, ಹೋದಳು.

ನಾಲ್ಕು ಪದ. ಪೇಷೆಂಟಿಗೆ ಹೇಳುವ ಹಾಗೆಯೇ ಹೇಳಿದಳು. ಪೊದೆಯಲ್ಲಿ ಕೂತುಕೊಂಡೇ ಇದ್ದೆ, ಎಷ್ಟು ಹೊತ್ತೋ ಗೊತ್ತಿಲ್ಲ. ಕಣ್ಣಿಗೆ ಧೂಳು ಬಿದ್ದಿತ್ತು ಎಂದು ಬರೆಯಲು ಹೊರಟಿದ್ದೆ. ಇಲ್ಲ, ಅತ್ತುಬಿಟ್ಟೆ.

ಏಪ್ರಿಲ್ ೨, ಮಂಗಳವಾರ

ಹೆಂಡತಿ ಕಾಫಿ ಲೋಟವನ್ನು ಕುಕ್ಕಿ ಎದುರಿಗೆ ಕೂತಳು.

"ದೊಡ್ಡಾಸ್ಪತ್ರೆಯವರು ಅವಳನ್ನ ಕರೆದಿದ್ದಾರೆ. ಅದೇ ಥರದ ಕೆಲಸ, ಮನೆಮನೆಗೆ ಹೋಗೋದು. ಈ ತಿಂಗಳ ಮೂವತ್ತರೊಳಗೆ ಲೈಸೆನ್ಸ್ ತೋರಿಸ್ಬೇಕಂತೆ."

"ಬರಲಿ. ಮೈದಾನ ಇದೆಯಲ್ಲ."

"ನಿಮ್ಮ ಮೈದಾನಕ್ಕೆ ಬರಲ್ಲಂತೆ. ಈ ಕೆಲಸವೂ ಹೋದ್ರೆ ಹೋಗ್ಲಿ ಅಂತಾಳೆ."

"ಯಾಕೆ? ನಾನೇನು ಅನ್ಯಾಯ ಮಾಡೋನಾ? ಅವತ್ತು ಅವಳ ಕಾಲು ತಾಗಿತ್ತು ಕಣೇ!"

"ಯಾವ ಕಾಲು?"

"ಎಡಗಾಲು."

"ಹೋದ ವಾರ ಬಲಗಾಲು ಅಂದ್ರಲ್ಲ."

ಎಂದಿಲ್ಲ ಎಂದು ರೇಗಿದೆ. ಲೋಟ ಎತ್ತಿಕೊಂಡು ಎದ್ದುಹೋದಳು. ಕಾಫಿ ಇನ್ನೂ ಅರ್ಧ ಇತ್ತು.

ಏಪ್ರಿಲ್ ೩, ಬುಧವಾರ

ಹಿಂದಿನ ಹಾಳೆಗಳನ್ನು ತಿರುವಿ ನೋಡಿದೆ. ಮಾರ್ಚ್ ಮೂರರಂದು ಎಡಗಾಲು. ಹದಿನಾಲ್ಕರಂದು ಬಲಗಾಲು. ಎರಡೂ ನನ್ನದೇ ಅಕ್ಷರ.

ಅಡ್ಡಪ್ರಶ್ನೆ ಕೇಳುವವರಿಲ್ಲ ಎಂದು ತಂದ ಪುಸ್ತಕವೇ ನನ್ನನ್ನು ಹಿಡಿದುಹಾಕಿತು. ಬರೆದುಬಿಡುತ್ತೇನೆ. ನಾನು ನೋಡಿರಲಿಲ್ಲ. ಅವಳು ಎರಡನೇ ತಿರುವಿಗೆ ಬಂದಾಗ ಸಾಲಿನಲ್ಲಿದ್ದ ಯಾರೋ "ಫೇಲಪ್ಪನ ಮಗಳು, ಪಾಸೇ ಬಿಡ್ರೋ" ಎಂದು ನಕ್ಕರು. ಯಾರದು ಎಂದು ಆ ಕಡೆ ತಿರುಗಿದೆ. ಈ ಕಡೆ ತಿರುಗುವಷ್ಟರಲ್ಲಿ ಅವಳು ತಿರುವು ದಾಟಿ ಬಂದಿದ್ದಳು. ಸಾಲಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಫೇಲ್ ಎಂದು ಬರೆದೆ.

ಅವರ ನಗು ನಿಂತಿತು. ನನಗೆ ಆಗ ಎಷ್ಟು ಹೆಮ್ಮೆಯಾಯಿತು ಎನ್ನುವುದು ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಏಪ್ರಿಲ್ ೭, ಭಾನುವಾರ

ಮೂರನೇ ತಿರುವು ದಾಟಿದೆ. ಅದರ ಮೇಲೆ ಒಂದು ಹಾಸುಬಂಡೆ ಇದೆ, ಮಗಳು ಅಲ್ಲಿ ನಿಂತು ನೀರು ಕುಡಿಯುತ್ತಿದ್ದಳು. ಹಿಮ್ಮಡಿ ತಿರುಗಿಸಿ ಕಾಲು ಬಿಡಿಸಿ ಸರಿಯಾಗಿಯೇ ನಿಂತೆ. ಬಾಯಿಂದ ಮಾತು ಬಿಡಿಸುವುದಕ್ಕೇ ಕಷ್ಟವಾಯಿತು.

"ಅವತ್ತು ನಾನು ನೋಡಲಿಲ್ಲ ಕಣೇ. ನಿನ್ನ ಕಾಲು ತಾಗಿತೋ ಇಲ್ವೋ ನನಗೆ ಗೊತ್ತಿಲ್ಲ."

"ನನಗೆ ಗೊತ್ತು" ಎಂದಳು. "ಆ ತಿರುವಿನಲ್ಲಿ ನಾನು ನಿಮ್ಮ ಮುಖಾನೇ ನೋಡ್ತಿದ್ದೆ. ನೀವು ಆ ಕಡೆ ತಿರುಗಿದ್ರಿ."

"ಆಗಲೇ ಹೇಳೋಕೇನಾಗಿತ್ತು?"

"ನಿಮ್ಮ ಬಾಯಿಂದ ಬರ್ಲಿ ಅಂತ ಕಾಯ್ತಿದ್ದೆ. ಒಂಬತ್ತು ತಿಂಗಳಾಯ್ತು."

ತಪ್ಪಾಯ್ತು ಎಂದೆ. ಅವಳು ಬಾಟಲಿಯ ಮುಚ್ಚಳ ತಿರುಗಿಸುತ್ತಲೇ ಇದ್ದಳು, ಅದು ಆಗಲೇ ಬಿಗಿಯಾಗಿತ್ತು.

"ಬೆಟ್ಟದ ಮೇಲೆ ನನ್ನೊಬ್ಬಳಿಗೆ ಹೇಳಿದ್ರೆ ಆಗಲ್ಲಪ್ಪ. ಫೇಲ್ ಅಂತ ಬರೆದಿದ್ದು ಕಾಗದದ ಮೇಲೆ, ಎಲ್ಲರ ಮುಂದೆ. ಇದನ್ನೂ ಹಾಗೇ ಬರೀರಿ. ಬರೆದ ದಿನ ನಾನು ಮೈದಾನಕ್ಕೆ ಬರ್ತೀನಿ."

ಹೊರಟಳು. ಅವಳ ಹಿಂದೆ ಹೊರಡುವ ಅವಸರದಲ್ಲಿ ಮತ್ತೆ ಬಿದ್ದೆ. ಅವಳು ತಿರುಗಿ ನೋಡಲಿಲ್ಲ, ಆದರೆ ಭುಜ ಕುಲುಕಿದ್ದು ಕಂಡಿತು. ನಕ್ಕಳು ಎಂದೇ ಬರೆದುಕೊಳ್ಳುತ್ತೇನೆ.

ಏಪ್ರಿಲ್ ೯, ಮಂಗಳವಾರ

ಪತ್ರ ಕೊಟ್ಟೆ. ಮೂರೇ ಸಾಲು. ಆ ದಿನ ಅಭ್ಯರ್ಥಿಯ ಕಾಲು ತಾಗಿದ್ದನ್ನು ನಾನು ನೋಡಿರಲಿಲ್ಲ, ನೋಡದೆಯೇ 'ಅನುತ್ತೀರ್ಣ' ಎಂದು ಬರೆದೆ, ತಪ್ಪು ನನ್ನದು.

ಮೇಲಧಿಕಾರಿ ಎರಡು ಸಲ ಓದಿದರು. "ಬೆಟ್ಟದಲ್ಲಿ ತಲೆಗೆ ಏಟು ಬಿತ್ತೇನ್ರೀ? ನಿವೃತ್ತಿಗೆ ನಾಲ್ಕು ವರ್ಷ ಇದೆ. ಯಾರಾದ್ರೂ ಕೇಳಿದ್ರಾ ಇದನ್ನ?"

"ಕೇಳಿದ್ದಾರೆ ಸಾರ್."

ಅವರು ನಿಟ್ಟುಸಿರು ಬಿಟ್ಟು ಪತ್ರಕ್ಕೆ ಸೀಲು ಒತ್ತಿದರು. ನನ್ನ ಸೇವಾ ಪುಸ್ತಕಕ್ಕೆ ಕಪ್ಪು ಚುಕ್ಕೆ ಬಿತ್ತು. ಮುಂದಿನ ವಾರದಿಂದ ನಾನು ಕಾರಿನ ಕಡೆ, ಕಾರಿನವರು ಎಂಟರ ಕಡೆ. ಮಗಳ ಹಳೆಯ ಫಲಿತಾಂಶ ರದ್ದು. ಹದಿನೆಂಟಕ್ಕೆ ಹೊಸ ಪರೀಕ್ಷೆ. ಸಂಜೆಯೊಳಗೆ ಇಡೀ ಕಚೇರಿಗೆ ಗೊತ್ತಾಗಿತ್ತು. ಟೀ ಕುಡಿಯುವ ಜಾಗದಲ್ಲಿ ನಾನು ಹೋದೊಡನೆ ಎಲ್ಲರಿಗೂ ಏನೋ ಕೆಲಸ ನೆನಪಾಯಿತು.

ಇಂದು ಹತ್ತೊಂಬತ್ತರಲ್ಲಿ ನಾಲ್ಕೇ ಫೇಲ್. "ಏನ್ ಸಾರ್, ಕೈ ಬಿಚ್ಚಿಬಿಟ್ಟಿದ್ದೀರಾ?" ಎಂದರು ಗೆರೆಯಣ್ಣ. ತಲೆಹರಟೆ. ಈ ತಿಂಗಳು ಬರುವವರೇ ಚೆನ್ನಾಗಿ ಕಲಿತು ಬರುತ್ತಿದ್ದಾರೆ. ನಾನು ಮೊದಲು ಹೇಗಿದ್ದೆನೋ ಹಾಗೇ ಇದ್ದೇನೆ.

ಏಪ್ರಿಲ್ ೧೮, ಗುರುವಾರ

ರಜೆ ಹಾಕಿ, ಸಾಲಿನಲ್ಲಿ ನಿಂತವರ ಹಿಂದೆ ಹೋಗಿ ನಿಂತೆ. ಅಲ್ಲಿಂದ ಎಂಟು ಇಷ್ಟು ಇಕ್ಕಟ್ಟಾಗಿ ಕಾಣುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮಗಳು ಅವರಮ್ಮನ ಸ್ಕೂಟರ್ ತಂದಿದ್ದಳು. ಮೊದಲ ತಿರುವು ಚೊಕ್ಕ. ಕಾರಿನವರಿಗೆ ಅಷ್ಟರಲ್ಲಿ ಫೋನ್ ಬಂತು, ಜೇಬು ತಡಕುತ್ತಿದ್ದರು. ಎರಡನೇ ತಿರುವಿನಲ್ಲಿ ಗಾಡಿ ನಿಧಾನವಾಯಿತು. ಅವಳ ಎಡ ಹಿಮ್ಮಡಿ ಹೊರಕ್ಕೆ ತಿರುಚಿಕೊಂಡಿತು. ಸ್ಕೂಟರಿನಲ್ಲಿ ಪೆಡಲ್ಲೂ ಇಲ್ಲ, ಬಿಡಿಸಿಕೊಳ್ಳಲು ಏನೂ ಇಲ್ಲ. ಆದರೆ ತಿಂಗಳುಗಟ್ಟಲೆ ಬೆಟ್ಟ ಹತ್ತಿದ ಕಾಲು ಅದನ್ನು ಕೇಳಬೇಕಲ್ಲ! ಸರ್ರನೆ ಆಚೆ ಬಂತು. ಬೂಟಿನ ತುದಿ ಸುಣ್ಣಕ್ಕೆ ತಾಗಿತು.

ಎಡಗಾಲು. ಈ ಸಲ ನೋಡಿದೆ.

"ಪಾಸ್ ಕಣಮ್ಮ" ಎಂದರು ಕಾರಿನವರು, ಫೋನ್ ಕಿವಿಗಿಟ್ಟುಕೊಂಡೇ.

ಅವಳು ಗಾಡಿ ನಿಲ್ಲಿಸಿ ಇಳಿದಳು. "ಕಾಲು ತಾಗಿತು ಸಾರ್."

"ನಾನು ನೋಡಿಲ್ವಲ್ಲಮ್ಮ. ಹೋಗು, ಹೋಗು."

"ನೋಡ್ದೆ ಹೇಗೆ ಸಾರ್ ಬರೀತೀರಾ? ಅಲ್ಲಿ ನಿಂತಿದ್ದಾರಲ್ಲ, ಅವರನ್ನ ಕೇಳಿ. ಅವರು ನೋಡಿದ್ರು."

ಸಾಲೆಲ್ಲ ನನ್ನ ಕಡೆ ತಿರುಗಿತು. ಇಲ್ಲ ಅನ್ನುವ ಒಂದು ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಅವಳಿಗೆ ಆ ಕೆಲಸ ಬೇಕು. ನನಗೆ ಅವಳು ಬೇಕು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ತಾಗಿತು" ಎಂದೆ. "ಎಡಗಾಲು."

"ಅಯ್ಯೋ ಫೇಲಪ್ಪಾ!" ಎಂದು ಗೆರೆಯಣ್ಣ ತಲೆ ಚಚ್ಚಿಕೊಂಡರು. ಆಮೇಲೆ ನಾಲಿಗೆ ಕಚ್ಚಿಕೊಂಡರು.

ಮರುಪರೀಕ್ಷೆ ಇಪ್ಪತ್ತೈದಕ್ಕೆ. ಮೂವತ್ತರೊಳಗೇ ಆಯಿತು. ಮಗಳು ಗಾಡಿ ತಳ್ಳಿಕೊಂಡು ನನ್ನ ಮುಂದೆ ತಂದು ನಿಲ್ಲಿಸಿ, ಹೆಲ್ಮೆಟ್ ಚಾಚಿದಳು. "ಹಿಂದೆ ಲೈಸೆನ್ಸ್ ಇರೋರು ಕೂರಬೇಕು. ರೂಲು ನಿಮಗೇ ಗೊತ್ತಲ್ಲ ಅಪ್ಪಾ. ಹತ್ತಿ."

ಹತ್ತಿದೆ. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗಲೆಲ್ಲ ಅವಳ ಹಿಮ್ಮಡಿಯೂ ನನ್ನ ಹಿಮ್ಮಡಿಯೂ ಒಟ್ಟಿಗೆ ಹೊರಗೆ ತಿರುಗುತ್ತಿದ್ದವು. ಯಾವುದೋ ಮುದುಕಿಯ ಮಂಡಿಯ ವಿಚಾರ ಹೇಳಿದಳು. ಆಸ್ಪತ್ರೆಯ ಲಿಫ್ಟಿನ ವಿಚಾರ ಹೇಳಿದಳು. ನನ್ನ ಪೆಡಲ್ಲಿನ ಸ್ಕ್ರೂ ಸಡಿಲ ಮಾಡಿದ್ದು ತಾನೇ ಎಂದಳು. ಅದು ಮಾತ್ರ ಸುಳ್ಳು, ನಾನೇ ಕಲಿತದ್ದು. ಹಾಗೆಂದೆ. ಗಾಡಿ ಅಲ್ಲಾಡುವ ಹಾಗೆ ನಕ್ಕಳು.

ಇಂದು ಒಬ್ಬರಲ್ಲಿ ಒಬ್ಬರು ಫೇಲ್. ಮನೆ ಸೇರುವವರೆಗೂ ತಲೆ ತಿಂದಳು.